ಕಪ್ ಪಂದ್ಯಕ್ಕೆ ಮಾತ್ರ

ಅಣ್ಣನಿಗೆ ಇನ್ನೂ ಹೇಳಿರಲಿಲ್ಲ. ಕಣ್ಣು ಬಿಟ್ಟ ಕೂಡಲೇ ನೆನಪಾದದ್ದು ಅದು. ಇವತ್ತು ಪಂದ್ಯ ಅನ್ನುವುದು ಆಮೇಲೆ ನೆನಪಾಯಿತು. ಕಿಟಕಿಯಾಚೆ ಹಾಲಿನ ವ್ಯಾನು ಹಿಂದಕ್ಕೆ ಬರುತ್ತಾ ಕೀಂ ಕೀಂ ಅನ್ನುತ್ತಿತ್ತು. ಬಾಡಿಗೆ ಕೋಣೆಯ ಚಾವಣಿಯಲ್ಲಿ ತೇವ ಮೂಡಿಸಿದ ಕಲೆಯನ್ನು ನೋಡುತ್ತಾ ಅವನು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದ. ಗೋಲ್‌ಕೀಪರನ ಬೆರಳಿಗೆ ಬೆಳಗಿನ ಹೊತ್ತು ಅವನಿಗಿಂತ ಹೆಚ್ಚು ವಯಸ್ಸಾಗಿರುತ್ತದೆ. ಹೇಳಬೇಕು. ಅಣ್ಣಾ, ಇವತ್ತು ನಾನು ಆಡ್ತಿಲ್ಲ, ಅಷ್ಟೇ. ವಾರದಿಂದ ಈ ಮಾತು ಬಾಯಲ್ಲಿ ಬಿಸಿ ತುತ್ತಿನ ಹಾಗೆ ಹೊರಳುತ್ತಿದೆ; ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳದೆ ಹೋದರೆ ಏನಾಗುತ್ತದೆ ಅನ್ನುವುದೂ ಅವನಿಗೆ ಗೊತ್ತು. ಅಣ್ಣ ಗ್ಯಾರೇಜಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಲಿನ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಾನೆ. ಗೋಲಿನಲ್ಲಿ ಇನ್ಯಾರೋ ನಿಂತಿರುತ್ತಾರೆ. ತಮ್ಮ ಆಚೆ ಬೆಂಚಿನ ಮೇಲೆ, ದಪ್ಪ ಜಾಕೆಟ್ಟಿನೊಳಗೆ, ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿ ಕೂತಿರುತ್ತಾನೆ.

ಈ ಫುಟ್‌ಬಾಲ್ ಕ್ಲಬ್ಬಿಗೆ ಅವನು ಎರಡನೆಯ ಗೋಲ್‌ಕೀಪರ್. ತಂಡದ ಹುಡುಗರಿಗಿಂತ ಬಹಳ ಹಿರಿಯ, ಹಾಗಾಗಿ ಎಲ್ಲರ ಬಾಯಲ್ಲೂ ಮಾಮ. ಮೊದಲನೆಯವನಿಗೆ ಏಣಿ ಅಂತ ಹೆಸರು; ಕೈ ಎತ್ತಿದರೆ ಅಡ್ಡಪಟ್ಟಿ ಸಿಗುವಷ್ಟು ಉದ್ದ. ವರ್ಷವಿಡೀ ನಡೆಯುವ ಲೀಗ್ ಏಣಿಯದು. ಸೋತರೆ ಅಲ್ಲಿಗೇ ಮನೆಗೆ ಹೋಗಬೇಕಾದ ಹಳೆಯ ಕಪ್ ಪಂದ್ಯಗಳು ಮಾಮನವು. ಇದು ಯಾರೋ ಮಾಡಿದ ಕಾನೂನಲ್ಲ, ಈಗೀಗ ಎಲ್ಲ ಕ್ಲಬ್ಬುಗಳೂ ಹಿಡಿದಿರುವ ದಾರಿ. ಲೀಗಿನಲ್ಲಿ ಮೇಲಿದ್ದರೆ ಕ್ಲಬ್ಬು ಬದುಕುತ್ತದೆ, ಕೆಳಗೆ ಜಾರಿದರೆ ಬಾಗಿಲು ಹಾಕುತ್ತದೆ. ಕಪ್ ಅನ್ನುವುದು ನಡುವೆ ಕರೆಯದೆ ಬಂದು ಕಾಲು ನೋಯಿಸಿ ಹೋಗುವ ನೆಂಟ. ಅದರ ಹೆಸರು ಕೂಡ ವರ್ಷಕ್ಕೊಂದು, ಒಮ್ಮೆ ಸಿಮೆಂಟಿನದು, ಒಮ್ಮೆ ಬಣ್ಣದ ಕಂಪನಿಯದು. ಆ ಪಂದ್ಯಗಳಿಗೆ ಸುಸ್ತಾದವರನ್ನು, ಗಾಯ ಮಾಯುತ್ತಿರುವವರನ್ನು, ಇನ್ನೂ ಮೀಸೆ ಮೂಡದವರನ್ನು ಕಳಿಸುತ್ತಾರೆ. ಜೊತೆಗೆ ಮಾಮನನ್ನು. ವಾರದ ನಡುವೆ, ಉರಿಬಿಸಿಲಿನ ಮಧ್ಯಾಹ್ನ, ಎಲ್ಲೋ ಒಂದು ಸಣ್ಣ ಮೈದಾನದಲ್ಲಿ ಕಾಟಾಚಾರಕ್ಕೆ ಆಡಿ ಬರುವುದು. ಅದಕ್ಕಾಗಿ ಹಿಂದಿನ ದಿನವೇ ಕೈಗವಸು ತೊಳೆದು ಒಣಗಿಸಿಡುತ್ತಿದ್ದವನು ಇವನೊಬ್ಬ ಮಾತ್ರ. ಆಫೀಸಿನಲ್ಲಿ, ಈ ಕ್ಲಬ್ಬು ಯಾವುದೋ ಕಾಲದಲ್ಲಿ ಗೆದ್ದ ಕಪ್ಪಿನ ನಕಲೊಂದಿದೆ. ಒಂದು ಕಿವಿ ಮುರಿದ ಅದರೊಳಗೆ ವ್ಯಾನಿನ ಕೀಲಿಗಳನ್ನು ಹಾಕಿಡುತ್ತಾರೆ. ಅಲ್ಲಿಗೆ ಹೋದಾಗೆಲ್ಲ ಅವನು, ಸದ್ಯ, ಅಣ್ಣ ಇದನ್ನು ನೋಡಲಿಲ್ಲವಲ್ಲ ಅಂದುಕೊಳ್ಳುತ್ತಿದ್ದ.

ಅಣ್ಣ ಕಂಡ ಕಪ್ಪೇ ಬೇರೆ. ಫೈನಲ್ಲಿನ ದಿನ ಕ್ಷೌರದಂಗಡಿಯ ರೇಡಿಯೋದ ಸುತ್ತ ಬೀದಿಗೆ ಬೀದಿಯೇ ನಿಂತಿರುತ್ತಿತ್ತು. ಅರ್ಧ ಗಡ್ಡ ಹೆರೆಸಿಕೊಂಡವರು ಸೋಪಿನ ನೊರೆ ಒಣಗಿದರೂ ಏಳುತ್ತಿರಲಿಲ್ಲ. ಗೆದ್ದವರನ್ನು ತೆರೆದ ಲಾರಿಯಲ್ಲಿ ಮೆರೆಸಿದಾಗ ಅಣ್ಣ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಲಾರಿಯ ಹಿಂದೆ ಓಡಿದ್ದ. ಮೇಲಿದ್ದ ಇವನಿಗೆ ಕಪ್ ಕಂಡಿತ್ತು. ಕೆಳಗಿದ್ದ ಅಣ್ಣನಿಗೆ ಬರೀ ಜನರ ಬೆನ್ನು. "ಹೆಂಗಿತ್ತೋ? ಹೇಳೋ, ಹೆಂಗಿತ್ತು?" ಅಂತ ಮನೆ ಮುಟ್ಟುವ ತನಕ ಕೇಳಿದ್ದ. "ಲೀಗ್ ಅನ್ನೋದು ಸಂಸಾರ ಕಣೋ, ದಿನಾ ಇದ್ದದ್ದೇ. ಕಪ್ ಅಂದ್ರೆ ಮದುವೆ. ಆ ಒಂದು ದಿನ ತಪ್ಪಿದ್ರೆ ಮುಗೀತು" ಅನ್ನುತ್ತಿದ್ದ. ಗ್ಯಾರೇಜಿನ ಹಿಂದೆ ಮರಳು ರಾಶಿ ಹಾಕಿ ಇವನಿಗೆ ಬೀಳುವುದನ್ನು ಕಲಿಸಿದವನು ಅಣ್ಣನೇ. ಹಾರುವುದು ಎಲ್ಲರಿಗೂ ಬರುತ್ತೆ, ಬೀಳೋದನ್ನ ಕಲಿ. ಅಂಥ ಅಣ್ಣ ಈ ಕ್ಲಬ್ಬಿನಲ್ಲಿ ತಮ್ಮ ಆಡಿದ್ದನ್ನು ಒಮ್ಮೆಯೂ ನೋಡಿಲ್ಲ. ಮೊದಮೊದಲು ಎರಡು ಮೂರು ಲೀಗ್ ಪಂದ್ಯಗಳಿಗೆ ಶಿಫ್ಟ್ ಮುಗಿಸಿಕೊಂಡು, ಆಟ ಶುರುವಾದ ಮೇಲೆ ಏದುಸಿರು ಬಿಡುತ್ತಾ ಬಂದಿದ್ದ. ಬಂದು ಬೆಂಚಿನ ಮೇಲಿದ್ದ ತಮ್ಮನನ್ನು ನೋಡಿದ. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಏನು ಹೇಳುವುದೆಂದು ತಿಳಿಯದೆ, "ಜಾಕೆಟ್ ಚೆನ್ನಾಗಿದೆ ಕಣೋ" ಅಂದಿದ್ದ. ಆಮೇಲೆ ಬರುವುದನ್ನು ಬಿಟ್ಟ. ನಿನ್ನ ಕಪ್ ಪಂದ್ಯ ಇಲ್ಲಿ ಬೀಳ್ಲಿ, ಬಂದೇ ಬರ್ತೀನಿ ಅಂದ. ಕಪ್ಪಿನಲ್ಲಿ ಯಾರು ಯಾರ ಮೈದಾನಕ್ಕೆ ಹೋಗಬೇಕು ಅಂತ ಚೀಟಿ ಎತ್ತಿದಾಗೆಲ್ಲ ಇವರ ಪಾಲಿಗೆ ಪರ ಊರೇ ಬಂತು. ಈ ಬೇಸಿಗೆಗೆ ಅವನ ಕರಾರು ಮುಗಿಯುತ್ತದೆ. ಮುಂದಿನದನ್ನು ಆಫೀಸಿನವರು ಮಾತಾಡ್ತಾರೆ ಅಂತ ಕೋಚ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದಾನೆ. ಅಂದರೆ ಯಾರೂ ಮಾತಾಡುವುದಿಲ್ಲ.

ಫೋನು ಹೊಡೆದುಕೊಂಡಿತು. ಅತ್ತಿಗೆ.

"ಏನಪ್ಪಾ, ಎದ್ಯಾ? ನಿಮ್ಮಣ್ಣ ಆಗ್ಲೇ ಎರಡು ಅಂಗಿ ಹಾಕಿ ಬಿಚ್ಚಾಯ್ತು. ನಮ್ಮ ಮದುವೆ ದಿನಾನೂ ಇಷ್ಟು ಸಿಂಗಾರ ಇರ್ಲಿಲ್ಲ ನೋಡು."

"ಅತ್ತಿಗೇ, ಅಣ್ಣಂಗೆ ಸ್ವಲ್ಪ ಕೊಡಿ."

"ಕೊಡ್ತೀನಿ ತಡಿ. ಗ್ಯಾರೇಜಿನವರಿಗೆಲ್ಲ ಟಿಕೆಟ್ ತೆಗೆಸಿದ್ದಾರೆ, ಗೊತ್ತಾ? ನನ್ನ ತಮ್ಮ ನಿಂತ್ರೆ ಗೋಡೆ ನಿಂತ ಹಾಗೆ ಅಂತ ಎಲ್ಲರ ಹತ್ರ ಡಂಗುರ. ಇಗೋ, ಕಿತ್ಕೊಂಡ್ರು."

"ಹೇಳೋ" ಅಂದ ಅಣ್ಣ.

"ಅಣ್ಣಾ, ಒಂದು ವಿಷಯ..."

"ಹೆದರಿಕೆನಾ?"

"ಅಯ್ಯೋ, ಅದಲ್ಲ. ನೀನು... ಸ್ವಲ್ಪ ಬೇಗ ಬರ್ತೀಯಾ? ಗೇಟು ತೆಗೆದ ಕೂಡ್ಲೇ?"

"ಯಾಕೋ?"

"ಸುಮ್ನೆ. ಜನ ಜಾಸ್ತಿ ಇರ್ತಾರೆ. ಗೋಲಿನ ಹಿಂದೆ, ಬೇಲಿ ಹತ್ರಾನೇ ನಿಂತ್ಕೋ."

ಆ ಕಡೆ ಅತ್ತಿಗೆ ಯಾವುದೋ ಪಾತ್ರೆ ಮುಚ್ಚಿದ್ದು ಕೇಳಿಸಿತು. ಸರಿ, ಬರ್ತೀನಿ ಬಿಡು, ಅಂದ. ಫೋನು ಇಟ್ಟ ಮೇಲೆ ಅವನಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ಹೇಳಬೇಕಾದ್ದನ್ನು ಬಿಟ್ಟು ಇನ್ನೇನನ್ನೋ ಹೇಳಿತ್ತು. ಹಲ್ಲುಜ್ಜುತ್ತಾ ಕನ್ನಡಿಯಲ್ಲಿ ನೋಡಿಕೊಂಡ. ಕಣ್ಣ ಕೆಳಗೆ ಹಿಂದಿನ ಸುತ್ತಿನಲ್ಲಿ ಸಣ್ಣ ಊರೊಂದರಲ್ಲಿ ಆಡಿದ ಕಪ್ ಪಂದ್ಯದಲ್ಲಿ ಆಗಿದ್ದ ಗೀರು ಇನ್ನೂ ಪೂರ್ತಿ ಮಾಸಿರಲಿಲ್ಲ.

ಎಲ್ಲ ಕೆಟ್ಟದ್ದು ಅಲ್ಲಿಯೇ. ಒಂದು ಕಡೆ ಕಾರ್ಖಾನೆಯ ಗೋಡೆ, ಇನ್ನೊಂದು ಕಡೆ ಹಗ್ಗ ಕಟ್ಟಿ ನಿಲ್ಲಿಸಿದ್ದ ಜನ. ಎದುರಾಳಿಗಳು ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಆಡುವವರು. ಅವರ ನಾಯಕ ಅಂಚೆಯವನು. ಒಂದು ಒಂದರಲ್ಲಿ ಸಮವಾಗಿ ಪಂದ್ಯ ಕೊನೆಯ ನಿಮಿಷಗಳಿಗೆ ಬಂದಿತ್ತು. ಚೆಂಡು ಮಾಮನ ಕೈಗೆ ಬಂತು. ಎಡಗಡೆ ಅಂಚಿನಲ್ಲಿ ಗಾಳಿಪಟ ಅನ್ನುವ ಹುಡುಗ ಒಬ್ಬನೇ ಕೈ ಎತ್ತಿಕೊಂಡು ಓಡುತ್ತಿದ್ದ. ಅವನ ಮುಂದೆ ನರಪಿಳ್ಳೆಯೂ ಇರಲಿಲ್ಲ. "ಮಾಮಾ! ಎಸೀರಿ ಮಾಮಾ!" ಎಸೆದಿದ್ದರೆ ಗೋಲು. ಗೋಲಾದರೆ ಗೆಲುವು. ಆದರೆ ಮಾಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಗೆದ್ದರೆ ಮತ್ತೆ ಚೀಟಿ ಎತ್ತುತ್ತಾರೆ, ಮತ್ತೆ ಯಾವುದೋ ಪರ ಊರು ಬರುತ್ತದೆ. ಸಮವಾದರೆ ಮರುಪಂದ್ಯ, ಅದೂ ಮುಂದಿನ ವಾರ, ತಮ್ಮ ಮೈದಾನದಲ್ಲಿ. ಅಣ್ಣ ಬರುತ್ತಾನೆ. ಅವನು ಗಾಳಿಪಟನ ಕಣ್ಣನ್ನೇ ನೋಡುತ್ತಾ ಮೆಲ್ಲಗೆ, ಬಹಳ ಮೆಲ್ಲಗೆ, ಚೆಂಡನ್ನು ಅವುಚಿಕೊಂಡು ನೆಲಕ್ಕೆ ಬಿದ್ದ. ಎತ್ತಿದ್ದ ಆ ಕೈ ಇಳಿದದ್ದು ಅವನಿಗೆ ಕಾಣಿಸಿತು.

ಸೀಟಿ ಊದಿದರು. ಅವನು ಎದ್ದು, ಮೈಕೈ ಕೊಡವಿಕೊಂಡು, ದೊಡ್ಡ ಮನುಷ್ಯನ ಹಾಗೆ ಹೋಗಿ ಆ ಅಂಚೆಯವನ ಕೈ ಕುಲುಕಿ, "ಮುಂದಿನ ವಾರ ನಮ್ಮೂರಿಗೆ ಬನ್ನಿ, ನೋಡ್ಕೊಳ್ಳೋಣ" ಅಂದ. ಅಂಚೆಯವನು ಪಾಪ, ತಮಾಷೆ ಅಂದುಕೊಂಡು ನಕ್ಕ. "ನಿಮ್ಮೂರಿಗೆ ಯಾಕೆ ಸಾರ್? ಈಗ್ಲೇ ಪೆನಾಲ್ಟಿ. ಮರುಪಂದ್ಯ ಈ ವರ್ಷದಿಂದ ತೆಗೆದುಹಾಕಿದ್ರಲ್ಲ, ನಿಮಗೆ ಗೊತ್ತಿಲ್ವಾ?" ಅಷ್ಟರಲ್ಲಿ ರೆಫರಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಗೋಲಿನ ಕಡೆ ನಡೆಯುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ತಂಡದ ಫೋನ್ ಗುಂಪಿನಲ್ಲಿ, ಬಸ್ಸು ಎಷ್ಟಕ್ಕೆ ಹೊರಡುತ್ತದೆ ಅನ್ನುವುದರ ಕೆಳಗೆ, ಇದೂ ಒಂದು ಸಾಲು ಬಂದಿತ್ತಂತೆ. ಇವನು ನೋಡಿರಲಿಲ್ಲ. ಕಪ್ಪಿನ ವಿಷಯ ಇವನಿಗೆ ಹೇಳಿಕೊಡುವವರು ಯಾರು? ಅದರ ಕ್ರಮವನ್ನು ಅವನು ಓದಿ ತಿಳಿದವನಲ್ಲ, ಅಣ್ಣನ ಬಾಯಿಂದ ಕೇಳಿ ಕಲಿತವನು. ಕಪ್ಪನ್ನು ಕಸಕ್ಕಿಂತ ಕಡೆ ಮಾಡಿದ ಹುಡುಗರಿಗೆಲ್ಲ ಗೊತ್ತಿದ್ದದ್ದು, ಅದನ್ನು ತಲೆಯ ಮೇಲಿಟ್ಟುಕೊಂಡವನಿಗೆ ಗೊತ್ತಿರಲಿಲ್ಲ. ಇಂಗು ತಿಂದ ಮಂಗನ ಹಾಗೆ ಗೋಲಿನ ಗೆರೆಯ ಮೇಲೆ ಹೋಗಿ ನಿಂತ. ಆಮೇಲೆ ಎರಡು ಪೆನಾಲ್ಟಿ ಹಿಡಿದ. ಕೌಶಲ ಅಂತ ಜನ ಚಪ್ಪಾಳೆ ತಟ್ಟಿದರು; ಅದು ಬರೀ ನಾಚಿಕೆ. ಮುಖ ನೆಲಕ್ಕೆ ಹಾಕುವುದಕ್ಕೆ ಒಂದು ನೆವ ಬೇಕಾಗಿತ್ತು, ಬಿದ್ದ ಕಡೆ ಚೆಂಡು ಬಂತು. ಗೆದ್ದಾಗ ಕೋಚಿನ ಮುಖ ಸಣ್ಣಗಾಯಿತು, ಇನ್ನೊಂದು ಪಂದ್ಯ ಬಂತಲ್ಲಪ್ಪಾ ಅಂತ. ಬಸ್ಸಿನಲ್ಲಿ ಗಾಳಿಪಟ ಬಂದು ಪಕ್ಕದಲ್ಲಿ ಕೂತ.

"ಆಗ ಯಾಕೆ ಎಸೀಲಿಲ್ಲ ಮಾಮಾ?"

"ಕಾಣ್ಲಿಲ್ಲ ಕಣೋ."

"ಕಂಡ್ರಿ. ನನ್ನ ಕಣ್ಣನ್ನೇ ನೋಡಿದ್ರಿ."

ಹುಡುಗ ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಮಾಮ ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ. ಊರು ಬರುವ ತನಕ ತೆರೆಯಲಿಲ್ಲ.

ಮುಂದಿನ ಚೀಟಿಯಲ್ಲಿ ಬಂದದ್ದು ಸ್ವಂತ ಮೈದಾನ. ಎದುರಿಗೆ ದೇಶದ ಅತಿ ದೊಡ್ಡ ಕ್ಲಬ್ಬು. ಆಫೀಸಿನ ಫೋನುಗಳಿಗೆ ಜೀವ ಬಂತು. ಕಪ್ಪಿನೊಳಗಿದ್ದ ಕೀಲಿಗಳನ್ನು ಸುರಿದು, ಅದನ್ನು ತಿಕ್ಕಿ ತೊಳೆದು, ಮುರಿದ ಕಿವಿಯನ್ನು ಗೋಡೆಯ ಕಡೆ ತಿರುಗಿಸಿ, ಫೋಟೋದವರ ಮುಂದೆ ಇಟ್ಟರು. ಟಿಕೆಟ್ಟಿಗೆ ಜನ ಸಾಲು ನಿಂತರು. ಅಣ್ಣ ಫೋನಿನಲ್ಲಿ ಮಾತಾಡಲಾರದೆ ಬರೀ ನಕ್ಕ. ಮಾರನೆಯ ದಿನ ಕೋಚ್ ಕರೆದು ಬಾಗಿಲು ಮುಂದೆ ಮಾಡಿದ. "ಕೂತ್ಕೋ ಮಾಮ. ಇಲ್ಲೀ ತನಕ ತಂದಿದ್ದು ನೀನು, ಯಾರೂ ಇಲ್ಲ ಅನ್ನಲ್ಲ. ಆದ್ರೆ ಈಗ ಇದು ದೊಡ್ಡ ಮ್ಯಾಚು. ಟೀವಿಯವರು ಬರ್ತಾರೆ. ಏಣಿ ಆಡ್ತಾನೆ. ನೀನು ಅರ್ಥ ಮಾಡ್ಕೊಳ್ಳೋನು." ಹುಟ್ಟಿದಾಗಿನಿಂದ ಅವನು ಈ ಮಾತು ಕೇಳಿದ್ದಾನೆ. ಅರ್ಥ ಮಾಡಿಕೊಳ್ಳುವವನಿಗೆ ಯಾವಾಗಲೂ ಪಾಲು ಕಡಿಮೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅವನಿಗೆ ಇನ್ನೂ ಒಂದು ಅರ್ಥವಾಯಿತು, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಪ್ಪಿಗೆ ಬೆಲೆ ಇಲ್ಲದ್ದರಿಂದಲೇ ಅದು ಅವನದಾಗಿತ್ತು. ಕಪ್ ಹಾಳಾಯ್ತು, ಕಪ್ ಹಳ್ಳ ಹಿಡೀತು ಅಂತ ಅಣ್ಣನ ಜೊತೆ ಸೇರಿ ಇಷ್ಟು ವರ್ಷ ಗೋಳಾಡಿದವನು, ಆ ಹಾಳಾದ ಕಪ್ಪಿನಿಂದಲೇ ಉಂಡವನು. ಒಂದು ದಿನದ ಮಟ್ಟಿಗೆ ಅದರ ಬೆಲೆ ಏರಿತು, ಇವನ ಎಲೆ ಎತ್ತಿದರು. ನಗು ಬಂತು.

ಈಗ, ಪಂದ್ಯದ ದಿನ, ಮೈದಾನದ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದಾಗ ಕಾರಿಡಾರಿನಲ್ಲಿ ಗಲಾಟೆ ಕೇಳಿಸಿತು. ಎದುರಾಳಿಗಳ ಆಟಗಾರರ ಪಟ್ಟಿ ಬಂದಿತ್ತು. ಜನ ಟಿಕೆಟ್ ಕೊಂಡದ್ದು ಯಾರ ಯಾರನ್ನು ನೋಡುವುದಕ್ಕೋ, ಅವರಲ್ಲಿ ಒಬ್ಬನೂ ಅದರಲ್ಲಿರಲಿಲ್ಲ. ದೊಡ್ಡವರನ್ನೆಲ್ಲ ಲೀಗಿಗೆ ಅಂತ ಮನೆಯಲ್ಲಿ ಬಿಟ್ಟು ಹುಡುಗರನ್ನು ಕಳಿಸಿದ್ದರು. ಅವರ ಗೋಲ್‌ಕೀಪರ್ ಕೂಡ ಎರಡನೆಯವನೇ. ಅವರೇ ಇದನ್ನು ಲೆಕ್ಕಕ್ಕಿಡದಿದ್ದರೆ, ಇದು ಮತ್ತೆ ಹಳೆಯ ಕಾಟಾಚಾರದ ಪಂದ್ಯವೇ ತಾನೇ? ಅಂದರೆ ತನ್ನದೇ ತಾನೇ? ಬಾಯಿ ಬಿಟ್ಟು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ. ಆದರೂ ಕಾಲು ಅವನನ್ನು ಕೋಚಿನ ಬಾಗಿಲಿಗೆ ತಂದು ನಿಲ್ಲಿಸಿತು.

"ಪಟ್ಟಿ ನೋಡಿದ್ರಾ? ಅವರು ಎರಡನೇ ತಂಡ ಕಳಿಸಿದ್ದಾರೆ. ಹಾಗಾಗಿ... ನಾನು ಅಂದ್ಕೊಂಡೆ..."

ಕೋಚಿನ ಮುಖ ಅರಳಿತ್ತು. ಮಾಮ ಏನು ಕೇಳಲು ಬಂದಿದ್ದಾನೆ ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. "ಅದನ್ನೇ ನಾನೂ ಹೇಳ್ತಿರೋದು! ಇವತ್ತು ಗೆಲ್ಲಬಹುದು ಕಣೋ! ಏಣಿಯ ಮೈ ಸ್ವಲ್ಪ ಚೆನ್ನಾಗಿ ಬಿಸಿ ಮಾಡಿಸು. ಹೋಗು, ಹೋಗು."

ಅವನು ಹೋದ. ಹೋಗಿ ಏಣಿಯ ಕೈಗೆ ಚೆಂಡು ಎಸೆದ, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಏಣಿ ಒಳ್ಳೆಯವನೇ, ತಲೆ ತಗ್ಗಿಸಿಕೊಂಡು, "ಸಾರಿ ಮಾಮಾ" ಅಂದ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಪಂದ್ಯಕ್ಕೆ ಮುಂಚೆ ಇನ್ನೊಂದು ಅಭ್ಯಾಸವಿದೆ. ಆಡುವ ಹುಡುಗರು ಸಾಲಾಗಿ ನಿಂತು ಗೋಲಿಗೆ ಒದೆಯುತ್ತಾರೆ. ಆಗ ಮೊದಲನೆಯ ಗೋಲ್‌ಕೀಪರ್ ಸುಸ್ತಾಗಬಾರದು, ಪೆಟ್ಟು ತಿನ್ನಬಾರದು ಅಂತ ಒಳಗೆ ಹೋಗುತ್ತಾನೆ. ಗೋಲಿನಲ್ಲಿ ಎರಡನೆಯವನು ನಿಲ್ಲುತ್ತಾನೆ. ಅವನು ಹಿಡಿಯಬೇಕು ಅಂತ ಯಾರೂ ಬಯಸುವುದಿಲ್ಲ. ಹುಡುಗರಿಗೆ ಹುಮ್ಮಸ್ಸು ಬರಲಿ ಅಂತ ನಾಲ್ಕು ಗೋಲು ಬಿಟ್ಟುಕೊಡುವುದು ರೂಢಿ. ಜನ ಆಗಿನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. ಅಷ್ಟು ಹೊತ್ತು ಗೋಲು ಅವನದು. ಬೆಳಗ್ಗೆ ತನ್ನ ನಾಲಿಗೆ ಅಣ್ಣನಿಗೆ ಬೇಗ ಬಾ ಅಂತ ಯಾಕೆ ಹೇಳಿತು ಅನ್ನುವುದು, ಕೈಗವಸು ಬಿಗಿದುಕೊಂಡು ಗೆರೆಯ ಮೇಲೆ ನಿಂತಾಗ ಅವನಿಗೆ ತಿಳಿಯಿತು. ತಿರುಗಿ ನೋಡಿದ. ಅಣ್ಣ ಬಂದಿದ್ದ. ಬೇಲಿಗೆ ಎರಡೂ ಕೈ ಊರಿ, ಗುಂಡಿ ಕುತ್ತಿಗೆಯ ತನಕ ಹಾಕಿಕೊಂಡು, ಒಬ್ಬನೇ ನಿಂತಿದ್ದ.

ಮೊದಲನೆಯದು ಎಡಕ್ಕೆ ಬಂತು. ಹಾರಿದ. ಎರಡನೆಯದು ಎದೆಗೆ. ಮೂರನೆಯದನ್ನು ಬೆರಳ ತುದಿಯಿಂದ ಮೇಲಕ್ಕೆ ದಾಟಿಸಿದ. ಎದ್ದ, ಬಿದ್ದ, ಮತ್ತೆ ಎದ್ದ. "ಏನ್ ಮಾಮಾ, ಇದು ಪ್ರಾಕ್ಟೀಸು, ಸ್ವಲ್ಪ ಬಿಡಿ" ಅಂತ ಯಾರೋ ನಕ್ಕರು. ಬಿಡಲಿಲ್ಲ. ಮೊಣಕೈ ಕೆತ್ತಿ ಹೋಯಿತು. ಗಾಳಿಪಟನ ಸರದಿ ಬಂತು. ಹುಡುಗ ಚೆಂಡಿನ ಮುಂದೆ ನಿಂತು ಇವನ ಮುಖ ನೋಡಿದ, ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದವನನ್ನೂ ನೋಡಿದ. ಏನು ತಿಳಿಯಿತೋ, ಮೈಯೆಲ್ಲ ಬಲ ಹಾಕಿ, ನಿಜವಾದ ಪಂದ್ಯದಲ್ಲಿ ಒದೆಯುವ ಹಾಗೆ ಮೂಲೆಗೆ ಒದ್ದ. ಮಾಮನಿಗೆ ತಾನು ನೆಲ ಬಿಟ್ಟದ್ದು ಗೊತ್ತಾಗಲಿಲ್ಲ. ಅಂಗೈಗೆ ಚೆಂಡು ತಾಗಿದ್ದು, ಅದು ಕಂಬದ ಆಚೆ ಹೋದದ್ದು, ಭುಜ ನೆಲಕ್ಕೆ ಬಡಿದದ್ದು ಮಾತ್ರ ಗೊತ್ತಾಯಿತು. ಮೈದಾನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ನೋಡುತ್ತಿರಲಿಲ್ಲ. ಒಳಗೆ ಬರುವಂತೆ ಕರೆದರು, ಹುಡುಗರೆಲ್ಲ ಓಡಿದರು. ಅವನು ಕೈಗವಸು ಬಿಚ್ಚುತ್ತಾ ಬೇಲಿಯ ಹತ್ತಿರ ಬಂದ.

"ಆ ಉದ್ದನೆಯವನು ಆಡ್ತಾನೆ ಅಲ್ವಾ?" ಅಂದ ಅಣ್ಣ.

"ಹೂಂ."

"ಯಾವಾಗ ಹೇಳಿದ್ರು?"

"ಹೋದ ವಾರಾನೇ."

ಅಣ್ಣ ಬೇಲಿಯ ಕಂಬಿಯ ಮೇಲೆ ಹೆಬ್ಬೆರಳು ಉಜ್ಜಿದ. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸುತ್ತ ಹಾಗೇ ಇತ್ತು. "ಹೇಳಿದ್ರೆ ನಾನು ಬರ್ತಿರ್ಲಿಲ್ಲ ಅಂದ್ಕೊಂಡ್ಯೇನೋ, ಪೆದ್ದ."

ಮೈದಾನ ತುಂಬುತ್ತಿತ್ತು. ಯಾರ ಹೆಸರನ್ನೋ ಕೂಗುತ್ತಾ ಹುಡುಗರ ಗುಂಪೊಂದು ಮೇಲಿನಿಂದ ಇಳಿದು ಬಂತು.

"ಬಲಗಡೆ ಬೀಳೋವಾಗ ಇನ್ನೂ ಮೊಣಕೈ ಮುಂದೆ ಕೊಡ್ತೀಯ. ಎಷ್ಟು ಸಲ ಹೇಳಿದ್ದೀನಿ" ಅಂದ ಅಣ್ಣ. ಆಮೇಲೆ, "ಕೊನೇದು ಚೆನ್ನಾಗಿತ್ತು ಕಣೋ. ಬಹಳ ಚೆನ್ನಾಗಿತ್ತು. ಸರಿ, ನಾನು ಬರ್ತೀನಿ."

"ಎಲ್ಲಿಗೆ? ಮ್ಯಾಚು ನೋಡಲ್ವಾ? ಅಣ್ಣಾ, ಕಪ್ ಪಂದ್ಯಕ್ಕೆ ಇಷ್ಟು ಜನ ಸೇರಿ ಎಷ್ಟು ವರ್ಷ ಆಯ್ತು! ಗ್ಯಾರೇಜಿನವರೆಲ್ಲ ಬರ್ತಾರೆ ಅಂದ್ರು ಅತ್ತಿಗೆ."

"ಅವರು ಮ್ಯಾಚ್ ನೋಡೋಕೆ ಬರೋರು, ನೋಡ್ಲಿ. ನಾನು ಏನು ನೋಡೋಕೆ ಬಂದಿದ್ನೋ ಅದನ್ನ ನೋಡಿ ಆಯ್ತು."

ಬೇಲಿಯ ಮೇಲಿಂದ ಕೈ ಚಾಚಿ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ, ತಮ್ಮನ ತಲೆಗೆ ಅಂಟಿದ್ದ ಹುಲ್ಲನ್ನು ಕೊಡವಿದ. ತಿರುಗಿ ಮೆಟ್ಟಿಲು ಹತ್ತತೊಡಗಿದ. ಇರು ಅನ್ನಬೇಕು ಅಂತ ಮಾಮನ ಎದೆ ಒದ್ದಾಡಿತು. ಇದ್ದರೆ ಬೆಂಚಿನ ಮೇಲೆ ಕೂತ ತನ್ನನ್ನು ನೋಡಬೇಕಾಗುತ್ತದೆ ಅಂತ ಬಾಯಿ ಕಟ್ಟಿತು. ಅಣ್ಣ ಇರುವುದೂ ಅವನಿಗೆ ಬೇಕಿರಲಿಲ್ಲ, ಹೋಗುವುದೂ ಬೇಕಿರಲಿಲ್ಲ. ಒಳಗಿನಿಂದ ಯಾರೋ, "ಮಾಮಾ, ಜಾಕೆಟ್ ಹಾಕ್ಕೊಳ್ಳಿ, ಶುರುವಾಗುತ್ತೆ" ಅಂತ ಕೂಗಿದರು. ಅವನು ಕದಲಲಿಲ್ಲ. ಮೆಟ್ಟಿಲ ತುಂಬ ಜನ ಬಾವುಟ ಹಿಡಿದು, ಕೇಕೆ ಹಾಕುತ್ತಾ, ಒಬ್ಬರನ್ನೊಬ್ಬರು ತಳ್ಳಿಕೊಂಡು ಕೆಳಗೆ ಇಳಿಯುತ್ತಿದ್ದರು. ಅಷ್ಟೂ ಜನರ ನಡುವೆ ಭುಜ ಓರೆ ಮಾಡಿ ದಾರಿ ಬಿಡಿಸಿಕೊಳ್ಳುತ್ತಾ ಮೇಲಕ್ಕೆ ಹೋಗುತ್ತಿದ್ದವನು ಅವನ ಅಣ್ಣ ಒಬ್ಬನೇ.